ಇಸ್ತ್ರಿ ಅಂಗಡಿಯ ಅಣ್ಣನಿಗೆ
ಕೊಡಗಿನ ಮಳೆಗಾಲದ ತಿಂಗಳು ಕಕ್ಕಡ ಮುಗಿದ ಮೇಲೆ ತಂಗಿಯ ಮದುವೆ. ಆಮಂತ್ರಣದ ಕಾಗದವನ್ನು ನಾನೇ ಮಾಡುತ್ತೇನೆಂದು ಹಠ ಹಿಡಿದಿದ್ದೆ. ಹಳೆಯ ನೋಟ್‌ಬುಕ್‌ಗಳನ್ನು ರಾತ್ರಿಯಿಡೀ ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಬಲೆ ಬಿಗಿದ ಚೌಕಟ್ಟಿನಲ್ಲಿ ಎತ್ತಿ 60 ಹಾಳೆ ಹರವಿದೆ. ಮಡಿಕೇರಿಯ ಜುಲೈ ಮಳೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಲ್ಕು ದಿನ ಕಳೆದರೂ ಹಾಳೆಗಳು ಹಸಿ. ಮೇಲಾಗಿ ಮುಗ್ಗಲು ವಾಸನೆ. ಅಮ್ಮ ಏನೂ ಹೇಳಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಕೊನೆಗೆ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ನಿಮ್ಮಲ್ಲಿಗೆ ಬಂದೆ. ನೀವು ನಗಲಿಲ್ಲ. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಹಳೆಯ ಪಂಚೆಯ ಎರಡು ತುಂಡುಗಳ ನಡುವೆ ಇಟ್ಟು, ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಎಳೆಯದೆ ಬರೀ ಒತ್ತಿ ಎತ್ತಿದಿರಿ. ಎಳೆದಿದ್ದರೆ ಹರಿಯುತ್ತಿತ್ತು. "ಶಾಯಿ ಹರಡುತ್ತದೆಯೇ?" ಎಂದು ಕೇಳಿದಿರಿ. ಹೌದೆಂದಾಗ, ಸೀರೆಗೆ ಹಾಕುವ ಗಂಜಿಯನ್ನೇ ತೆಳುವಾಗಿ ಸವರಿ ಮತ್ತೆ ಒತ್ತಿದಿರಿ. ಅದರ ಮೇಲೆ ಬರೆದ ಮೊದಲ ಅಕ್ಷರ ಚದುರದೆ ನಿಂತಾಗ ನನಗೆ ಉಸಿರು ಬಂತು.

ಎರಡು ಸಂಜೆ, ಬಾಗಿಲು ಹಾಕುವ ಹೊತ್ತು ಮೀರಿದರೂ ನಿಂತು ಮುಗಿಸಿ, ನಾಲ್ಕು ಶರ್ಟಿನ ದುಡ್ಡು ಮಾತ್ರ ತೆಗೆದುಕೊಂಡಿರಿ. ಧನ್ಯವಾದ ಅಣ್ಣ. ನಿಮ್ಮ ಹೆಸರು ಕೇಳಲು ಮರೆತೆ. ಒಂದು ಪತ್ರಿಕೆ ತೆಗೆದಿಟ್ಟಿದ್ದೇನೆ, ಹೆಸರಿನ ಜಾಗ ಖಾಲಿಯಿದೆ.