ಡೆಂಗಿ ಸೊಳ್ಳೆಯನ್ನು ತೋಟದೊಳಗೂ ಹುಡುಕಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯುತ್ತಿದ್ದಂತೆ ಕೊಡಗಿನಲ್ಲಿ ಡೆಂಗಿ ಮಾತು ಶುರುವಾಗುತ್ತದೆ. ಶುರುವಾದ ಮರುಗಳಿಗೆ ಬೆರಳು ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರು ವಾಸಿಸುವ ಸಾಲು ಮನೆಗಳ ಕಡೆಗೆ ತಿರುಗುತ್ತದೆ. ಹೊರಗಿನಿಂದ ಬಂದ ಕಾರ್ಮಿಕರು, ಚರಂಡಿ, ಕೊಳಕು ಎಂದರೆ ವಿಚಾರಣೆ ಮುಗಿಯಿತು. ಸಿದ್ದಾಪುರದ ಸುತ್ತಿನ ಕಾಫಿ ತೋಟಗಳಲ್ಲಿ ರೈಟರ್ (ಕೆಲಸದ ಮೇಲ್ವಿಚಾರಣೆ, ಲೆಕ್ಕ ನೋಡುವವ) ಆಗಿ ದುಡಿದು ನಿವೃತ್ತನಾದವನು ನಾನು. ಮಳೆಯಲ್ಲೂ ಬಿಸಿಲಲ್ಲೂ ಗಿಡಗಳ ನಡುವೆ ಸುತ್ತುವುದೇ ನನ್ನ ಉದ್ಯೋಗವಾಗಿತ್ತು. ಆ ಅನುಭವದ ಮೇಲೆ ಹೇಳುತ್ತೇನೆ: ಈ ಆರೋಪಪಟ್ಟಿಯಲ್ಲಿ ತೋಟದ ಮಾಲೀಕರ ಹೆಸರು ಬಿಟ್ಟುಹೋಗಿದೆ.

ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಅದು ರಾತ್ರಿ ನಿದ್ದೆ ಕೆಡಿಸುತ್ತದೆ, ಕೆಲವು ಪ್ರದೇಶಗಳಲ್ಲಿ ಆನೆಕಾಲು ರೋಗವನ್ನೂ ಹರಡುತ್ತದೆ, ಡೆಂಗಿಯನ್ನಲ್ಲ. ಡೆಂಗಿ ಮತ್ತು ಚಿಕೂನ್‌ಗುನ್ಯಾ ತರುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ನಿಂತ ತಿಳಿನೀರು ಅದಕ್ಕೆ ಇಷ್ಟ. ಇದರಲ್ಲಿ ಎರಡು ಜಾತಿಯವು ಮುಖ್ಯ. ಈಜಿಪ್ಟೈ ಮನೆಯೊಳಗಿನ ತೊಟ್ಟಿ, ಡ್ರಮ್ಮುಗಳನ್ನು ನೆಚ್ಚಿಕೊಂಡದ್ದು. ಆಲ್ಬೊಪಿಕ್ಟಸ್ ಮೂಲದಲ್ಲಿ ಕಾಡಿನದು; ಮರದ ಪೊಟರೆ, ಬಿದಿರಿನ ಬುಡದಲ್ಲಿ ನಿಂತ ನೀರೇ ಅದರ ತವರು. ಬೆನ್ನಿನ ಮೇಲೆ ಒಂದೇ ಬಿಳಿ ಗೆರೆ ಇರುತ್ತದೆ. ಚಳಿಯನ್ನೂ ಇದು ಚೆನ್ನಾಗಿ ತಾಳಿಕೊಳ್ಳುತ್ತದೆ, ಮಡಿಕೇರಿಯ ಥಂಡಿಗೆ ಸೊಳ್ಳೆ ಎಲ್ಲಿಯದು ಎನ್ನುವವರು ಗಮನಿಸಲಿ. ನೆರಳು ಮರಗಳ ಕೆಳಗೆ ಕಾಫಿ ಬೆಳೆಯುವ ನಾವು ಇದಕ್ಕೆ ಎಂಥ ಊರು ಕಟ್ಟಿಕೊಟ್ಟಿದ್ದೇವೆಂದು ಬಿಡಿಸಿ ಹೇಳಬೇಕಿಲ್ಲ.

ಆದರೂ ಕೆಲವನ್ನು ಹೇಳುತ್ತೇನೆ. ಕಾಳುಮೆಣಸಿನ ಏಣಿಗೆಂದು ಬಿದಿರು ಕಡಿಯುವಾಗ ಎರಡು ಗೆಣ್ಣುಗಳ ನಡುವೆ ಕತ್ತಿ ಬಿದ್ದರೆ ಬುಡದಲ್ಲಿ ಒಂದು ಬಟ್ಟಲು ಉಳಿಯುತ್ತದೆ. ಬಿದಿರಿನ ಬೇಲಿ ಗೂಟಗಳ ತಲೆಯಲ್ಲೂ ಅದೇ ಬಟ್ಟಲು. ಗೆಣ್ಣಿಗೆ ಸರಿಯಾಗಿ ಕಡಿದರೆ ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಮೇಸ್ತ್ರಿ ಒಂದು ಮಾತು ಹೇಳಿದರೆ ಸಾಕು. ಅಡಕೆ ಇರುವಲ್ಲಿ ಉದುರಿದ ಹಾಳೆ ಮಗುಚಿ ಬಿದ್ದರೆ ತೊಂದರೆಯಿಲ್ಲ, ಅಂಗಾತ ಬಿದ್ದರೆ ತೊಟ್ಟಿಲು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮುಗಳನ್ನು ಸಿಂಪರಣೆ ಮುಗಿದ ಮೇಲೆ ತೊಳೆದು ಅಲ್ಲೇ ರಸ್ತೆ ಬದಿಯಲ್ಲಿ ನಿಲ್ಲಿಸಿ ಬರುವುದು ನಮ್ಮಲ್ಲಿ ವಾಡಿಕೆ. ಮುಂದಿನ ಸಿಂಪರಣೆಯವರೆಗೆ ಅವುಗಳನ್ನು ಕೇಳುವವರಿಲ್ಲ. ಸೌದೆ ರಾಶಿಗೆ ಹೊದಿಸಿದ ಟಾರ್ಪಾಲಿನ ಮಡಿಕೆಗಳು, ಟ್ರ್ಯಾಕ್ಟರಿನ ಹಳೆ ಟಯರು, ಬಂಗಲೆಯ ವರಾಂಡದಲ್ಲಿ ಆಂಥೂರಿಯಂ ಕುಂಡಗಳ ಕೆಳಗಿಟ್ಟ ತಟ್ಟೆಗಳು… ಈ ಕೊನೆಯದು ಲೈನ್ ಮನೆಗಳಲ್ಲಿ ಇರುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ನಾನು ಊಹೆಯ ಮೇಲೆ ಹೇಳುತ್ತಿಲ್ಲ. ಮಾಕುಟ್ಟ ದಾಟಿದರೆ ಕೇರಳ. ಅಲ್ಲಿ 2007ರಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ ಮುಖ್ಯ ವಾಹಕವೆಂದು ಗುರುತಾದದ್ದು ಇದೇ ಆಲ್ಬೊಪಿಕ್ಟಸ್. ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳನ್ನು ಮಳೆಗಾಲದಲ್ಲಿ ಮರದಲ್ಲೇ ಬಿಟ್ಟರೆ ಅವುಗಳಲ್ಲಿ ಅದು ಸೊಂಪಾಗಿ ಬೆಳೆಯುತ್ತದೆ. ತೋಟದ ಬೆಳೆ ಬೇರೆ, ಸೊಳ್ಳೆ ಅದೇ.

ನಮ್ಮ ಜನರ ಒಂದು ನಂಬಿಕೆಯ ಬಗ್ಗೆಯೂ ಹೇಳಬೇಕು. ಹಿಂದೆ ಈ ಜಿಲ್ಲೆಯ ಹಿರಿಯರನ್ನು ಕಾಡಿದ್ದು ಚಳಿಜ್ವರ, ಅಂದರೆ ಮಲೇರಿಯಾ. ಮಲೆನಾಡಿನಲ್ಲಿ ಅದನ್ನು ಹರಡುತ್ತಿದ್ದ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ನಿಧಾನವಾಗಿ ಹರಿಯುವ ತೋಡುಗಳ ಹುಲ್ಲಂಚಿನಲ್ಲಿ ಮರಿ ಮಾಡುತ್ತಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದ ಮೇಲೆ ಸರ್ಕಾರದವರು ಪಂಪು ಹೊತ್ತು ಬಂದು ಗೋಡೆಗಳಿಗೆ ಡಿಡಿಟಿ ಹೊಡೆದರು, ರೋಗ ಇಳಿಯಿತು. ಗೋಡೆಯ ಮೇಲೆ ಕೂರುವ ಸೊಳ್ಳೆಗೆ ಅದು ಸರಿಯಾದ ಮದ್ದಾಗಿತ್ತು. ‘ಸೊಳ್ಳೆ ಎಂದರೆ ಸರ್ಕಾರದ ಕೆಲಸ’ ಎಂಬ ಭಾವನೆ ಆಗಿನಿಂದ ಬೇರೂರಿದೆ ಎಂದು ನನ್ನ ಅನಿಸಿಕೆ. ಈಗಲೂ ಪಂಚಾಯಿತಿಯ ಮುಂದೆ ನಮ್ಮ ಬೇಡಿಕೆ ಒಂದೇ: ಫಾಗಿಂಗ್. ಹೊಗೆಯ ಯಂತ್ರ ಬೀದಿಯಲ್ಲಿ ಸದ್ದು ಮಾಡುತ್ತ ಹೋದರೆ ಎಲ್ಲರಿಗೂ ಸಮಾಧಾನ. ಆ ಹೊಗೆ ತಾಗಿದರೆ ಹಾರುವ ಸೊಳ್ಳೆ ಸಾಯಬಹುದು. ನೀರಿನಲ್ಲಿರುವ ಮರಿಗೆ, ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆಗೆ ಏನೂ ಆಗುವುದಿಲ್ಲ. ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ಡ್ರಮ್ಮನ್ನು ಬರೇ ಮಗುಚಿದರೆ ಸಾಲದು, ಒಳಗೆ ತಿಕ್ಕಿ ತೊಳೆಯಬೇಕು.

ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಜಡಿಮಳೆ ಇಂಥ ಸಣ್ಣ ಪಾತ್ರೆಗಳನ್ನು ತುಂಬಿ ಚೆಲ್ಲಿಸಿ ಸ್ವಲ್ಪ ಉಪಕಾರ ಮಾಡುತ್ತದೆ. ಭಯವಿರುವುದು ಅದರ ಆಚೀಚೆ: ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ನಂತರದ ವಾರಗಳು, ಜೂನ್ ಆರಂಭ, ಮತ್ತೆ ಕೈಲ್ ಮುಹೂರ್ತದ ಹಬ್ಬ ಕಳೆದು ಒಂದು ದಿನ ಮಳೆ, ಎರಡು ದಿನ ಬಿಸಿಲು ಎಂಬ ಸೆಪ್ಟೆಂಬರ್–ಅಕ್ಟೋಬರ್. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಎನ್ನುವುದು ಆ ಲೆಕ್ಕದ ಮೇಲೆ.

ಇನ್ನು ವೈರಸ್ ತರುವವರು ಯಾರು ಎಂಬ ಪ್ರಶ್ನೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಹೋಂಸ್ಟೇಗೆ ಬರುವವರು ಎಷ್ಟು ಮಂದಿ! ಅಲ್ಲಿ ಕೆಲಸದಲ್ಲಿರುವ ನಮ್ಮ ಮಕ್ಕಳೂ ಹಬ್ಬಕ್ಕೆ ಬರುತ್ತಾರೆ. ಅವರ ಮೈಯಲ್ಲಿ ವೈರಸ್ ಇದ್ದರೆ, ಜ್ವರ ಕಾಣುವ ಮೊದಲೇ, ಇಲ್ಲಿಯ ಸೊಳ್ಳೆ ಅದನ್ನು ಹೀರಬಲ್ಲದು. ಅಸ್ಸಾಮಿನಿಂದ ಬಂದವನ ಕೈಚೀಲವನ್ನಷ್ಟೇ ಅನುಮಾನಿಸಿ ಪ್ರಯೋಜನವಿಲ್ಲ.

ಲೈನ್ ಮನೆಯವರ ಕಷ್ಟವೇ ಬೇರೆ. ಜ್ವರ ಬಂದರೆ ದಿನಗೂಲಿ ಹೋಗುತ್ತದೆಂದು ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತಂದು ನುಂಗುತ್ತಾರೆ. ಡೆಂಗಿಯಲ್ಲಿ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದಷ್ಟೇ. ಇನ್ನೊಂದು ವಿಷಯ ಮಾಲೀಕರು ಕೇಳಿಸಿಕೊಳ್ಳಬೇಕು. ಡೆಂಗಿಯ ಗಂಡಾಂತರ ಹೆಚ್ಚಾಗಿ ಜ್ವರ ಇಳಿದ ಮೇಲೆ ಬರುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕುತನ ಕಂಡರೆ ಆಸ್ಪತ್ರೆಗೆ ಓಡಬೇಕು. ನಮ್ಮ ತೋಟಗಳಲ್ಲಿ ಮಾತ್ರ ಜ್ವರ ಬಿಟ್ಟಿತೆಂದರೆ ಮಾರನೆಯ ಬೆಳಿಗ್ಗೆ ಹಾಜರಿಗೆ ನಿಲ್ಲಬೇಕು. ಅಂಥ ಎರಡು ಮೂರು ದಿನಗಳ ಕೂಲಿ ಕೊಟ್ಟು ಮಲಗಿಸಿದರೆ ತೋಟ ಮುಳುಗುವುದಿಲ್ಲ.

ಹಂದಿ ಗೂಡಿನ ಮಾತು ಎತ್ತಿದರೆ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಗದ್ದೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ಹರಡುವ ಜಪಾನೀಸ್ ಮಿದುಳು ಜ್ವರದ ವೈರಸ್ ಹಂದಿಯ ರಕ್ತದಲ್ಲಿ ವೃದ್ಧಿಯಾಗುತ್ತದೆ. ಬೇಯಿಸಿದ ಪಂದಿ ಕರಿಯಿಂದ (ಹಂದಿ ಮಾಂಸದ ಸಾರು) ಈ ಜ್ವರ ಬರುವುದಿಲ್ಲ, ನಿಶ್ಚಿಂತೆಯಿಂದ ಊಟ ಮಾಡಿ. ಗೂಡನ್ನು ಮಾತ್ರ ಮಲಗುವ ಕೋಣೆಯಿಂದ ದೂರ ಕಟ್ಟಿ.

2024ರಲ್ಲಿ ರಾಜ್ಯ ಸರ್ಕಾರ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು: ಗ್ರಾಮೀಣ ಪ್ರದೇಶದಲ್ಲಿ ಮನೆಗೆ 200 ರೂಪಾಯಿ, ವಾಣಿಜ್ಯ ಸ್ಥಳಕ್ಕೆ 500, ಕಟ್ಟಡ ಕಾಮಗಾರಿಯ ಹಾಗೂ ಪಾಳುಬಿಟ್ಟ ಜಾಗಕ್ಕೆ 1,000. ನೂರಾರು ಎಕರೆಯ ಕಾಫಿ ತೋಟ ಇದರಲ್ಲಿ ಯಾವುದು? ಮನೆಯೇ, ವಾಣಿಜ್ಯ ಸ್ಥಳವೇ? ಗಿರಾಕಿಯಿಲ್ಲದ ತಿಂಗಳುಗಳಲ್ಲಿ ಈಜುಕೊಳಕ್ಕೆ ಬೀಗ ಜಡಿದು ಹೋಗುವ ರೆಸಾರ್ಟು? ಆರೋಗ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ಇದನ್ನು ಸ್ಪಷ್ಟಪಡಿಸಲಿ. ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರನ್ನು ಗೇಟಿನ ಬಳಿಯೇ ತಡೆಯದೆ ಡ್ರಮ್ಮುಗಳಿರುವ ಜಾಗದವರೆಗೂ ಕರೆದೊಯ್ಯುವಂತೆ ತೋಟಗಳಿಗೆ ಲಿಖಿತ ಸೂಚನೆ ಹೋಗಲಿ. ಮುಂದಿನ ಬೋರ್ಡೋ ಸಿಂಪರಣೆಗೆ ಮೊದಲೇ ಹೋದರೆ ಉಪಯೋಗ.

ಇತಿ,
ನಿವೃತ್ತ ತೋಟದ ರೈಟರ್
ಸಿದ್ದಾಪುರ, ಕೊಡಗು