ಸೋರುವ ಪಾತ್ರೆಯ ನೆಪದಲ್ಲಿ

ತಂಗೀ, ಆಶೀರ್ವಾದಗಳು.

ಸೂಪಿನ ಪಾತ್ರೆಯ ಮೇಲಿನ ನಿನ್ನ ಲೇಖನವೂ ಅದರೊಳಗಿಟ್ಟ ಚೀಟಿಯೂ ತಲುಪಿದವು. ಚೀಟಿಯನ್ನೇ ಮೊದಲು ಓದಿದ್ದು ನನ್ನ ತಪ್ಪು. ಅರ್ಧ ದಿನ ಮನಸ್ಸು ಕೆಟ್ಟಿತು. ಬರೆದದ್ದೆಲ್ಲ ಇನ್ನೊಬ್ಬರ ನೆರಳಿನಂತೆ ಕಾಣುತ್ತದೆ, ಇನ್ನು ಬರೆಯುವುದನ್ನೇ ಬಿಡುತ್ತೇನೆ ಎಂದಿದ್ದೀಯೆ. ಯಾರೋ ಸಂಪಾದಕರು 'ಸ್ವಂತ ದನಿ ಇಲ್ಲ' ಎಂದರಂತೆ. ನಲವತ್ತು ವರ್ಷದ ಹಿಂದೆ ನನಗೂ ಅದೇ ಮಾತು ಒಂದು ಅಂಚೆ ಕಾರ್ಡಿನಲ್ಲಿ ಬಂದಿತ್ತು. ಕಾರ್ಡು ಇನ್ನೂ ನನ್ನ ಬಳಿ ಇದೆ, ಸಿಟ್ಟು ಆರದಿರಲಿ ಎಂದು ಇಟ್ಟುಕೊಂಡಿದ್ದೇನೆ. ನೀನು ಕೇಳಿದ ಪ್ರಕಾಶಕರ ವಿಳಾಸ, ಎಷ್ಟು ಪುಟ ಇರಬೇಕು ಎಂಬುದನ್ನೆಲ್ಲ ಬೇರೆ ಯಾರನ್ನಾದರೂ ಕೇಳು.

ವಿಷಯವನ್ನು ಚೆನ್ನಾಗಿಯೇ ಆರಿಸಿದ್ದೀಯೆ. ಇಂಗ್ಲೆಂಡಿನ ಮೈಕೆಲ್ ಈಡನ್ 20 ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿ ಕೈಯಾಡಿಸಿದ ಕುಂಬಾರ. ಆಮೇಲೆ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿ, ವೆಡ್ಜ್‌ವುಡ್ ಎಂಬ ಪಿಂಗಾಣಿ ಕಂಪನಿಯ 1817ರ ಕ್ಯಾಟಲಾಗಿನಲ್ಲಿದ್ದ ಸೂಪಿನ ಪಾತ್ರೆಯೊಂದನ್ನು 3ಡಿ ಮುದ್ರಣದಲ್ಲಿ ಹೊಸದಾಗಿ ರೂಪಿಸಿದರು. ಹೆಸರು 'ವೆಡ್ಜ್‌ವುಡಂಟ್ ಟ್ಯುರೀನ್'. ವೆಡ್ಜ್‌ವುಡ್ ಇಂಥದ್ದನ್ನು ಮಾಡುತ್ತಿರಲಿಲ್ಲ ಎಂಬ ಚೇಷ್ಟೆ ಹೆಸರಿನಲ್ಲೇ ಇದೆ. ನೀನು ಇದನ್ನು ಮೂರು ಸಲ 'ತಂತ್ರಜ್ಞಾನದ ಅದ್ಭುತ' ಎಂದೆ, ಎರಡು ಸಲ 'ಪರಂಪರೆಯ ಸಂಕೋಲೆ ಮುರಿದದ್ದು' ಎಂದೆ. ಯಾವ ಸಂಕೋಲೆಯಮ್ಮಾ? ಚಿತ್ರವನ್ನು ಇನ್ನೊಮ್ಮೆ ನೋಡು. ಮುಚ್ಚಳ ಇದೆ, ಹೊಟ್ಟೆ ಇದೆ, ಕೆಳಗೆ ಪೀಠ ಇದೆ. ಅಜ್ಜನ ಮೈಕಟ್ಟು ಹಾಗೆಯೇ ಉಳಿದಿದೆ. ಮೈಯೆಲ್ಲ ಮಾತ್ರ ಎಲುಬನ್ನು ಸೀಳಿದಾಗ ಕಾಣುವಂಥ ಜಾಲರಿ. ಸಾರು ಸುರಿದರೆ ಮೇಜೆಲ್ಲ ಸಾರು. ತಿಗರಿಯ ಮೇಲೆ ಒದ್ದೆ ಮಣ್ಣಿನಲ್ಲಿ ಅದನ್ನು ಎತ್ತಲು ಹೋದರೆ ಕುಸಿಯುತ್ತದೆ. ಯಂತ್ರ ಪದರದ ಮೇಲೆ ಪದರ ಕೂರಿಸಿತು. ಮೇಲಿನ ಸೆರಾಮಿಕ್ ಲೇಪ ಆವಿಗೆಯನ್ನೇ ಕಂಡಿಲ್ಲ. ಹೊಸತೆಲ್ಲ ಆ ತೂತುಗಳಲ್ಲಿದೆ. ಉಳಿದದ್ದು ಸಾಲ, ಸಾಲ ಕೊಟ್ಟವರ ಹೆಸರನ್ನು ಈಡನ್ ಹಣೆಯ ಮೇಲೇ ಬರೆದುಕೊಂಡಿದ್ದಾರೆ.

ಆ ಕಂಪನಿ ಕಟ್ಟಿದ ಜೊಸಾಯಾ ವೆಡ್ಜ್‌ವುಡ್ ತಾನೇ ಎಂಥ ನಕಲುಗಾರ ಎಂಬುದನ್ನು ನೀನು ಬರೆಯಲೇ ಇಲ್ಲ. ರೋಮನ್ನರ ಕಾಲದ ಗಾಜಿನ ಪೋರ್ಟ್‌ಲ್ಯಾಂಡ್ ಹೂದಾನಿಯನ್ನು ಆತ 1786ರಲ್ಲಿ ಡ್ಯೂಕ್ ಒಬ್ಬನಿಂದ ಎರವಲು ತಂದ. ಅದನ್ನು ತನ್ನ ಮಣ್ಣಿನಲ್ಲಿ ಇಳಿಸಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಆವಿಗೆಯಿಂದ ತೆಗೆದರೆ ಒಂದರ ಮೈಯಲ್ಲಿ ಬೊಬ್ಬೆ, ಇನ್ನೊಂದರಲ್ಲಿ ಬಿರುಕು, ಮತ್ತೊಂದರಲ್ಲಿ ಅಂಟಿಸಿದ ಬಿಳಿ ಬೊಂಬೆಗಳು ಎದ್ದು ಬರುತ್ತಿದ್ದವು. 1845ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಬ್ಬ ಯುವಕ ಮೂಲವನ್ನೇ ಚೂರುಚೂರು ಮಾಡಿದ. ಚೂರುಗಳನ್ನು ಜೋಡಿಸುವವರಿಗೆ ನೆರವಾದದ್ದು ವೆಡ್ಜ್‌ವುಡ್ಡನ ನಕಲು. ಇದಕ್ಕೆ ಒಂದು ಪುಟವನ್ನಾದರೂ ಕೊಡಬೇಕಿತ್ತು, 'ಅದ್ಭುತ'ಗಳನ್ನು ತೆಗೆದರೆ ಜಾಗ ಸಿಗುತ್ತದೆ.

ನಕಲಿನ ಮಾತೆತ್ತಿದರೆ ನನಗೆ ಯಾಕಿಷ್ಟು ಬಿಸಿ ಎಂದರೆ, ನಾನು ಕದ್ದವನು. ನನ್ನ ಮೊದಲ ಪುಸ್ತಕದ ವಾಕ್ಯಗಳ ನಡಿಗೆ ಒಬ್ಬ ಹಿರಿಯರದು. ಅವರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕಿವಿಗೆ ಹಾಕಿಕೊಂಡದ್ದು. ಬಿಡುಗಡೆಯ ದಿನ ಭಾಷಣಕಾರರು 'ಕನ್ನಡದಲ್ಲಿ ಹಿಂದೆಂದೂ ಇರದ ಗದ್ಯ' ಎಂದರು. ನಾನು ತಲೆ ಬಾಗಿಸಿ ಕೈ ಮುಗಿದೆ. ಆ ಹಿರಿಯರು ಎರಡನೆಯ ಸಾಲಿನಲ್ಲಿದ್ದರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮೈಕು ನನ್ನ ಕೈಗೂ ಬಂತು. ಅವರ ಹೆಸರು ಬಾಯಿಗೆ ಬರಲಿಲ್ಲ. ಅವರು ತೀರಿಹೋಗಿ ಹನ್ನೊಂದು ವರ್ಷ.

ನಿನ್ನ ಗದ್ಯ ಯಾರದ್ದೆಂದು ನನಗೆ ಗೊತ್ತಾಯಿತು, ಒಳ್ಳೆಯವರನ್ನೇ ಹಿಡಿದಿದ್ದೀಯೆ. ಅವರ ಒಂದು ಪ್ರಬಂಧವನ್ನು ಕೈಯಲ್ಲಿ ಪೂರ್ತಿ ನಕಲು ಮಾಡು, ಅಲ್ಪವಿರಾಮವೂ ತಪ್ಪದಂತೆ. ಎಲ್ಲಿ ನಿನ್ನ ಕೈ ತಡೆಯುತ್ತದೋ ಅಲ್ಲಿ ಗುರುತು ಹಾಕು.

ಏಳನೆಯ ಪುಟದಲ್ಲಿ 'ಮೇಜಿನ ಮೇಲೆ ಬಿದ್ದ ನೆರಳಿನಲ್ಲೂ ತೂತುಗಳಿವೆ' ಎಂದು ಬರೆದು, ಅದರ ಮೇಲೆ ಗೀಟು ಎಳೆದಿದ್ದೀಯೆ. ಯಾಕೆ? ಆ ಸಂಪಾದಕರಿಗೆ ಹೆದರಿದೆಯಾ? ಇಡೀ ಲೇಖನದಲ್ಲಿ ನೀನು ಕಣ್ಣಿಟ್ಟು ನೋಡಿ ಬರೆದದ್ದು ಅದೊಂದೇ. ಅದನ್ನು ಮತ್ತೆ ಸೇರಿಸಿ ಕಳಿಸು. ಅಕ್ಷರ ಸ್ವಲ್ಪ ದಪ್ಪವಾಗಿರಲಿ, ನನ್ನ ಎಡಗಣ್ಣಿಗೆ ಪೊರೆ ಬಂದಿದೆ.