ಕಮಿಷನ್ ನಂಬಿ ಇಂಟರ್ನ್‌ಶಿಪ್‌ಗೆ ಹೊರಡುವ ಮುನ್ನ

ಮಾನ್ಯ ಸಂಪಾದಕರೇ,

ಬಿ.ಕಾಂ., ಬಿಬಿಎ ಅಂತಿಮ ವರ್ಷದವರು ಇಂಟರ್ನ್‌ಶಿಪ್ ಹುಡುಕುವ ಹೊತ್ತಿಗೆ ಬೆಂಗಳೂರಿನ ವಾಣಿಜ್ಯ ಕಟ್ಟಡಗಳ ದಲ್ಲಾಳಿ ಸಂಸ್ಥೆಗಳಿಂದ ಹೆಚ್ಚುಕಡಿಮೆ ಒಂದೇ ಬಗೆಯ ಆಹ್ವಾನಗಳು ಬರುತ್ತವೆ. ಮೂರು ತಿಂಗಳ ಅವಧಿ, ಸ್ಟೈಪೆಂಡ್ ಇಲ್ಲ, ಸ್ವಂತ ದ್ವಿಚಕ್ರ ವಾಹನ ಇರಬೇಕು, ಕುದುರಿಸಿದ ವ್ಯವಹಾರದ ಮೇಲೆ ‘ಆಕರ್ಷಕ ಕಮಿಷನ್’ ಉಂಟು. ತುಮಕೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನನ್ನ ಬಳಿ ಇಂಥ ಪತ್ರ ಹಿಡಿದು ‘ಮೇಡಂ, ಒಪ್ಪಿಕೊಳ್ಳಲಾ?’ ಎಂದು ಕೇಳುವವರು ಪ್ರತಿ ವರ್ಷವೂ ಇರುತ್ತಾರೆ. ಹೂಂ ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸುವ ಪ್ರಶ್ನೆ ಇದಲ್ಲ. ಆದರೆ ಕಮಿಷನ್ ಎಷ್ಟು ಎಂದು ವಿಚಾರಿಸುವ ವಿದ್ಯಾರ್ಥಿಗಳೂ ಪೋಷಕರೂ ಅದು ಯಾವಾಗ ಕೈಸೇರುತ್ತದೆ ಎಂದು ಕೇಳುವುದೇ ಇಲ್ಲವೆಂಬುದು ನನ್ನ ಆಕ್ಷೇಪ.

ಮೊತ್ತವೇನೋ ಆಸೆ ಹುಟ್ಟಿಸುವಂಥದ್ದೇ. ಕೋರಮಂಗಲದಲ್ಲೋ ಹೊರ ವರ್ತುಲ ರಸ್ತೆಯಲ್ಲೋ 5,000 ಚದರ ಅಡಿಯ ಕಚೇರಿಯೊಂದು ಚದರ ಅಡಿಗೆ ತಿಂಗಳಿಗೆ 80 ರೂಪಾಯಿಯಂತೆ ಬಾಡಿಗೆಗೆ ಹೋಯಿತೆಂದು ಇಟ್ಟುಕೊಳ್ಳೋಣ. ತಿಂಗಳ ಬಾಡಿಗೆ ನಾಲ್ಕು ಲಕ್ಷವಾಯಿತು. ಒಂದು ತಿಂಗಳ ಬಾಡಿಗೆಯನ್ನು ಬ್ರೋಕರೇಜ್ (ದಲ್ಲಾಳಿ ಶುಲ್ಕ) ಆಗಿ ಪಡೆಯುವುದು ಈ ವೃತ್ತಿಯ ಸಾಮಾನ್ಯ ರೂಢಿಯಾದ್ದರಿಂದ, ಅದರ ಶೇ 10ರಷ್ಟನ್ನು ಇಂಟರ್ನ್‌ಗೆ ಕೊಟ್ಟರೂ 40,000 ರೂಪಾಯಿ. ಸಂದರ್ಶನದಲ್ಲಿ ಬಿಳಿ ಹಲಗೆಯ ಮೇಲೆ ಬರೆದು ತೋರಿಸುವ ಲೆಕ್ಕ ಇದೇ, ಮತ್ತು ಇದರಲ್ಲಿ ಸುಳ್ಳೇನೂ ಇಲ್ಲ.

ಹಲಗೆಯ ಮೇಲೆ ಬರೆಯದೆ ಬಿಡುವುದು ಕಾಲವನ್ನು. ಕಚೇರಿ ಬಾಡಿಗೆಯ ವ್ಯವಹಾರವು ಮನೆ ಬಾಡಿಗೆಯಂತೆ ವಾರದೊಳಗೆ ಮುಗಿಯುವುದಿಲ್ಲ. ಹತ್ತಾರು ಜಾಗಗಳನ್ನು ನೋಡಿ ಎರಡು ಮೂರನ್ನು ಉಳಿಸಿಕೊಂಡ ಮೇಲೆ ಕಂಪನಿಯ ಮೇಲಿನವರು ಒಪ್ಪಬೇಕು. ಕಟ್ಟಡದ ಮಾಲೀಕತ್ವದ ದಾಖಲೆ, ಸ್ವಾಧೀನಾನುಭವ ಪತ್ರ (ಕಟ್ಟಡ ಬಳಕೆಗೆ ಯೋಗ್ಯವೆಂಬ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ), ಅಗ್ನಿಶಾಮಕ ಇಲಾಖೆಯ ಅನುಮತಿ, ಬೆಸ್ಕಾಂ ಮಂಜೂರು ಮಾಡಿದ ವಿದ್ಯುತ್ ಪ್ರಮಾಣ, ಪಾರ್ಕಿಂಗ್ ಎಲ್ಲವನ್ನೂ ವಕೀಲರು ಮತ್ತು ಎಂಜಿನಿಯರುಗಳು ಪರಿಶೀಲಿಸಬೇಕು. ಲಾಕ್-ಇನ್ ಅವಧಿ (ಜಾಗ ಬಿಡುವಂತಿಲ್ಲದ ಕಾಲ), ಠೇವಣಿ, ಮೂರು ವರ್ಷಕ್ಕೊಮ್ಮೆ ಬಾಡಿಗೆ ಏರಿಕೆ ಇವುಗಳ ಬಗ್ಗೆ ಎಳೆದಾಟ ಮುಗಿದು ಕರಾರು ನೋಂದಣಿಯಾಗಬೇಕು. ಆನಂತರ ದಲ್ಲಾಳಿ ಸಂಸ್ಥೆ ಬಿಲ್ ಕಳುಹಿಸಿ, ಆ ಹಣ ಜಮಾ ಆಗುವವರೆಗೆ ಕಾಯಬೇಕು. ಇದೆಲ್ಲ ಮುಗಿಯಲು ಹಲವು ತಿಂಗಳುಗಳೇ ಬೇಕಾಗುತ್ತವೆ. ಮೂರು ತಿಂಗಳಿಗೆ ಬಂದ ಹುಡುಗಿ ಮೊದಲ ವಾರದಲ್ಲೇ ಒಳ್ಳೆಯ ಗಿರಾಕಿಯನ್ನು ಹಿಡಿದುಕೊಟ್ಟರೂ ಹಣ ಬರುವ ಹೊತ್ತಿಗೆ ಅವಳು ಕಾಲೇಜಿಗೆ ಮರಳಿ ಪರೀಕ್ಷೆ ಬರೆಯುತ್ತಿರುತ್ತಾಳೆ. ಬಿಟ್ಟು ಹೋದವರಿಗೆ ಪಾಲು ಇಲ್ಲವೆಂಬ ಷರತ್ತಿದ್ದರೆ, ಅವಳಿಗೆ ಹೇಳಿದ ಶೇಕಡಾವಾರು ಎಷ್ಟಾಗಿದ್ದರೇನು?

ಕಲಿಕೆಯ ಮಾತೇನು ಎಂದು ಕೇಳಬಹುದು. ಕರಾರು ಪತ್ರವನ್ನು ಸಾಲು ಸಾಲಾಗಿ ಓದುವುದು, ಮಾಲೀಕನೊಂದಿಗೂ ಕಂಪನಿಯ ಹಣಕಾಸು ಅಧಿಕಾರಿಯೊಂದಿಗೂ ಅಳುಕಿಲ್ಲದೆ ಮಾತನಾಡುವುದು, ಒಂದು ರಸ್ತೆಯ ಬಾಡಿಗೆ ಪಕ್ಕದ ರಸ್ತೆಗಿಂತ ಏಕೆ ಹೆಚ್ಚೆಂದು ಅರಿಯುವುದು ನಾವು ತರಗತಿಯಲ್ಲಿ ಕಲಿಸಲಾಗದ ವಿದ್ಯೆಗಳು. ಹಿರಿಯರೊಬ್ಬರ ಜೊತೆ ಕೂರಿಸಿ ಇವನ್ನು ಕಲಿಸುವ ಸಂಸ್ಥೆಗಳಿವೆ. ಖಾಲಿ ಮಹಡಿಗಳ ಫೋಟೊ ತೆಗೆಸಿ, ಸೆಕ್ಯುರಿಟಿಯವರಿಂದ ಮಾಲೀಕರ ನಂಬರ್ ಕೇಳಿಸಿಕೊಂಡು, ದಿನವಿಡೀ ಅಪರಿಚಿತರಿಗೆ ಫೋನ್ ಮಾಡಿಸಿ, ಎಕ್ಸೆಲ್ ಹಾಳೆ ತುಂಬಿದ ಮೇಲೆ ಪ್ರಮಾಣಪತ್ರ ಕೊಟ್ಟು ಕಳುಹಿಸುವ ಸಂಸ್ಥೆಗಳೂ ಇವೆ. ಆ ಹಾಳೆಯಿಂದ ಮುಂದೆ ಎಷ್ಟೋ ವ್ಯವಹಾರಗಳು ಕುದುರುತ್ತವೆ. ಅದನ್ನು ತುಂಬಿದವರ ಪಿ.ಜಿ. ಬಾಡಿಗೆ ಮತ್ತು ಪೆಟ್ರೋಲ್ ಖರ್ಚನ್ನು ಮಾತ್ರ ಊರಿನಲ್ಲಿರುವ ಅಪ್ಪ ಅಮ್ಮ ಭರಿಸಿರುತ್ತಾರೆ. ಬೆಂಗಳೂರಿನಲ್ಲೇ ಮನೆಯಿರುವವರಿಗೆ ಇದು ಸಮಯದ ನಷ್ಟವಷ್ಟೇ. ಶಿರಾದಿಂದಲೋ ಪಾವಗಡದಿಂದಲೋ ಬಂದವರಿಗೆ ಸಾಲ. (ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಡಿ ರಾಜ್ಯ ಸರ್ಕಾರವೇ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಬೆಳಗಿನಿಂದ ಸಂಜೆವರೆಗೆ ದುಡಿಸಿಕೊಳ್ಳುವವರು ಅಷ್ಟನ್ನೂ ಕೊಡುವುದಿಲ್ಲವೆಂಬುದು ವಿಚಿತ್ರ.)

ಕಾನೂನಿನ ಆಸರೆಯೂ ತೆಳುವಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯು ಕಮಿಷನ್ ಅನ್ನು ವೇತನದ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಅಂದರೆ ಕಮಿಷನ್ ಕೊಡುತ್ತೇವೆ ಎಂದವರು ವೇತನ ಕೊಡುತ್ತೇವೆ ಎಂದಂತಾಗಲಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ನೋಂದಣಿ ನಿಯಮವು ಮಾರಾಟದ ದಲ್ಲಾಳಿಗೆ ಅನ್ವಯಿಸುತ್ತದೆಯೇ ಹೊರತು ಬಾಡಿಗೆ ದಲ್ಲಾಳಿಗೆ ಅಲ್ಲ. ಆದರೆ ಆ ಕಾಯ್ದೆಯು ಅಂಗಡಿ, ಶೋರೂಂ, ಕಚೇರಿಗಳನ್ನೂ ಅಪಾರ್ಟ್‌ಮೆಂಟ್ ಎಂಬ ವ್ಯಾಖ್ಯೆಯೊಳಗೇ ಸೇರಿಸಿರುವುದರಿಂದ, ನೋಂದಾಯಿತ ಯೋಜನೆಯ ಮಳಿಗೆಗಳನ್ನು ಮಾರಿಸಿಕೊಡಲು ಇಂಟರ್ನ್‌ಗಳನ್ನು ಕಳುಹಿಸುವ ಸಂಸ್ಥೆಗೆ ರೇರಾ ನೋಂದಣಿ ಇರಲೇಬೇಕು. ನೋಂದಣಿ ಇಲ್ಲದ ದಲ್ಲಾಳಿಗೆ ದಿನಕ್ಕೆ 10,000 ರೂಪಾಯಿ ದಂಡವಿದೆ. ಅಂಥ ಸಂಸ್ಥೆಯ ಆಹ್ವಾನ ಪತ್ರದಲ್ಲಿ ನೋಂದಣಿ ಸಂಖ್ಯೆ ಕಾಣದಿದ್ದರೆ ಕೇಳುವುದು ಉದ್ಧಟತನವಲ್ಲ.

ಸಣ್ಣ ಸಂಸ್ಥೆಗಳಿಗೆ ಸ್ಟೈಪೆಂಡ್ ಕೊಡುವ ಶಕ್ತಿ ಎಲ್ಲಿದೆ ಎಂಬ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಅಪ್ರೆಂಟಿಸ್ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯಂತೆ, ನಾಲ್ಕರಿಂದ 29 ಜನರಿರುವ ಕಚೇರಿಯೂ ಇಚ್ಛೆಯಿದ್ದರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು. ಪದವೀಧರರಿಗೆ ಆಗ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಅದರ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಒಂದು ಕರಾರಿನಲ್ಲಿ ನಾಲ್ಕು ಲಕ್ಷ ಪಡೆಯುವ ಕಚೇರಿಗೆ ಉಳಿದ ಅರ್ಧ ಹೊರೆಯಾಗದು. ಈ ಯೋಜನೆ ಪದವಿ ಮುಗಿಸಿದವರಿಗೆ ಹೆಚ್ಚು ಹೊಂದುತ್ತದೆ ಎಂಬುದು ನಿಜ. ಓದುತ್ತಿರುವವರಿಗೆ ಕನಿಷ್ಠ ಪ್ರಯಾಣ ಮತ್ತು ಊಟದ ಖರ್ಚನ್ನಾದರೂ ಕೊಡಲಿ.

ಪದವಿ ಮುಗಿಸಿ, ವರ್ಷವೊಪ್ಪತ್ತು ಮನೆಯವರ ಆಸರೆಯಿದ್ದು, ಇದೇ ವೃತ್ತಿಯಲ್ಲಿ ನೆಲೆ ಕಾಣಬೇಕೆನ್ನುವವರು ಕಮಿಷನ್ ಮೇಲೆ ದುಡಿಯುವುದಾದರೆ ನನ್ನ ತಕರಾರಿಲ್ಲ. ಈ ವೃತ್ತಿಯ ಹಿರಿಯರು ಬಹಳಷ್ಟು ಜನ ಹಾಗೆಯೇ ಬೆಳೆದವರು. ಮೂರು ತಿಂಗಳಿಗೆ ಹೋಗುವ ವಿದ್ಯಾರ್ಥಿಗೆ ಮಾತ್ರ, ತಾನು ತಂದ ಗಿರಾಕಿಯ ವ್ಯವಹಾರ ತಾನು ಬಿಟ್ಟ ಒಂದು ವರ್ಷದೊಳಗೆ ಮುಗಿದರೆ ಪಾಲು ಸಲ್ಲುತ್ತದೆ ಎಂಬ ಒಂದು ಸಾಲು ಬರಹದಲ್ಲಿ ಬೇಕು. ಬಾಯಿಮಾತು ಸಾಲದು. ಇಂಟರ್ನ್‌ಶಿಪ್‌ಗೆ ಅಂಕ ಕೊಡುವ ವಿಶ್ವವಿದ್ಯಾಲಯಗಳು ಒಪ್ಪಿಗೆ ಪತ್ರದ ನಮೂನೆಯಲ್ಲೇ ಸ್ಟೈಪೆಂಡ್ ಎಷ್ಟು, ಪಾಲು ಯಾವಾಗ, ಕಲಿಸುವವರು ಯಾರು ಎಂಬ ಕಾಲಂಗಳನ್ನು ಸೇರಿಸಬೇಕು, ಅವು ಖಾಲಿಯಿದ್ದರೆ ಪ್ರಾಂಶುಪಾಲರು ಸಹಿ ಹಾಕದಂತೆ ಸುತ್ತೋಲೆ ಹೊರಡಿಸಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ವಾಣಿಜ್ಯಶಾಸ್ತ್ರ ಉಪನ್ಯಾಸಕಿ, ತುಮಕೂರು